ವರದಿಯ ಕೊನೆಯ ಸಾಲು ಸರಿಬರಬೇಕಾದರೆ: ಮೆಷರ್‌ಗಳ ಒಟ್ಟು ಮೊತ್ತವನ್ನು ಲೆಕ್ಕ ಹಾಕುವ ಕ್ರಮ

ಡೇಟಾದಿಂದ ವರದಿ ತಯಾರಿಸುವ ಪವರ್ ಬಿಐ ಉಪಕರಣದಲ್ಲಿ, ಮೆಷರ್‌ಗಳನ್ನು (ಸೂತ್ರದಿಂದ ಲೆಕ್ಕವಾಗುವ ಸಂಖ್ಯೆಗಳನ್ನು) ಹಾಕಿ ಒಂದು ಟೇಬಲ್ ಸಿದ್ಧಪಡಿಸಿದ್ದೀರಿ ಎಂದುಕೊಳ್ಳಿ. ಪ್ರತಿಯೊಂದು ಸಾಲಿನ ಲೆಕ್ಕವೂ ಸರಿಯಾಗಿದೆ. ಕ್ಯಾಲ್ಕ್ಯುಲೇಟರ್ ಹಿಡಿದು ಒಂದೊಂದಾಗಿ ಪರಿಶೀಲಿಸಿದರೂ ತಪ್ಪು ಸಿಗುವುದಿಲ್ಲ. ಆದರೆ ಕೊನೆಯ ‘ಟೋಟಲ್’ ಸಾಲಿನಲ್ಲಿ ಕಾಣುವ ಸಂಖ್ಯೆ, ಮೇಲಿನ ಸಾಲುಗಳನ್ನು ಕೂಡಿದರೆ ಬರುವ ಸಂಖ್ಯೆಗೆ ತಾಳೆಯಾಗುವುದಿಲ್ಲ. ವರದಿಯನ್ನು ಓದುವವರ ಕಣ್ಣು ಮೊದಲು ಹೋಗುವುದು ಆ ಕೊನೆಯ ಸಾಲಿಗೇ ಆದ್ದರಿಂದ, ಅದೊಂದು ತಾಳೆಯಾಗದಿದ್ದರೆ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಉಪಕರಣದಲ್ಲಿ ದೋಷವಿದೆಯೆಂದು ಭಾವಿಸಿ ಒಟ್ಟು ಸಾಲನ್ನೇ ಮುಚ್ಚಿಬಿಡುವವರನ್ನು, ಅಥವಾ ಡೇಟಾವನ್ನು ಎಕ್ಸೆಲ್‌ಗೆ ಇಳಿಸಿಕೊಂಡು ಅಲ್ಲಿ ಕೂಡಿ ಕಳುಹಿಸುವವರನ್ನು ನಾನು ಬಹಳ ಕಂಡಿದ್ದೇನೆ. ಎರಡರ ಅಗತ್ಯವೂ ಇಲ್ಲ. ಒಟ್ಟು ಸಾಲು ಹೇಗೆ ಹುಟ್ಟುತ್ತದೆ ಎಂಬುದು ಒಮ್ಮೆ ಮನಸ್ಸಿಗೆ ಬಂದರೆ, ಅದನ್ನು ಸರಿಪಡಿಸುವ ದಾರಿ ತಾನಾಗಿ ಕಾಣುತ್ತದೆ.

ಈ ಬರಹದಲ್ಲಿ ಹೆಚ್ಚಿನ ಉದಾಹರಣೆಗಳು ಡ್ಯಾಕ್ಸ್ ಸೂತ್ರಭಾಷೆಯಲ್ಲಿವೆ. 2010ರ ಎಕ್ಸೆಲ್‌ನ ಪವರ್ ಪಿವೋಟ್‌ನೊಂದಿಗೆ ಬಂದ ಈ ಭಾಷೆಯೇ 2015ರಿಂದ ಪವರ್ ಬಿಐನಲ್ಲೂ ಬಳಕೆಯಲ್ಲಿರುವುದರಿಂದ, ಎರಡು ಕಡೆಯೂ ಒಟ್ಟು ಸಾಲಿನ ನಡವಳಿಕೆ ಒಂದೇ. ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ. ಉಪಕರಣದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಒಟ್ಟು ಸಾಲು ಕೂಡಿ ಬಂದದ್ದಲ್ಲ

ಕೈಬರಹದ ಲೆಕ್ಕದ ಪುಸ್ತಕದಲ್ಲಿ ಕೊನೆಯ ಸಾಲೆಂದರೆ ಮೇಲಿನವುಗಳ ಕೂಡಿಕೆ. ಡೇಟಾ ಮಾಡೆಲ್ (ಪರಸ್ಪರ ಜೋಡಿಸಿದ ಟೇಬಲ್‌ಗಳ ಗುಂಪು) ಮೇಲೆ ನಿಂತ ವರದಿಯಲ್ಲಿ ಹಾಗಿಲ್ಲ. ಅಲ್ಲಿ ಪ್ರತಿಯೊಂದು ಕೋಶವೂ ಒಂದು ಸ್ವತಂತ್ರ ಪ್ರಶ್ನೆ. ಮಾರಾಟಗಾರರ ಹೆಸರುಗಳಿರುವ ಟೇಬಲ್‌ನ ಮೊದಲ ಸಾಲಿನಲ್ಲಿ, ಡೇಟಾವನ್ನು ಆ ಒಬ್ಬ ಮಾರಾಟಗಾರನಿಗೆ ಫಿಲ್ಟರ್ ಮಾಡಿ ಮೆಷರ್ ಲೆಕ್ಕವಾಗುತ್ತದೆ. ಎರಡನೆಯ ಸಾಲಿನಲ್ಲಿ ಇನ್ನೊಬ್ಬನಿಗೆ ಫಿಲ್ಟರ್ ಮಾಡಿ ಅದೇ ಮೆಷರ್ ಮತ್ತೆ ಲೆಕ್ಕವಾಗುತ್ತದೆ. ಒಟ್ಟು ಸಾಲಿಗೆ ಬಂದಾಗ ಮಾರಾಟಗಾರನ ಫಿಲ್ಟರ್ ಇರುವುದೇ ಇಲ್ಲ. ಸ್ಲೈಸರ್‌ಗಳು (ಓದುವವರು ವರದಿಯ ಮೇಲೆಯೇ ಆಯ್ಕೆ ಮಾಡುವ ಫಿಲ್ಟರ್‌ಗಳು) ಮತ್ತು ಪುಟದ ಫಿಲ್ಟರ್‌ಗಳು ಮಾತ್ರ ಉಳಿಯುತ್ತವೆ, ಆ ದೊಡ್ಡ ಗುಂಪಿನ ಮೇಲೆ ಮೆಷರ್ ಮೊದಲಿನಿಂದ ಇನ್ನೊಮ್ಮೆ ಲೆಕ್ಕವಾಗುತ್ತದೆ. ಮೇಲಿನ ಸಾಲುಗಳಲ್ಲಿ ಏನು ಬಂದಿದೆ ಎಂಬುದು ಆ ಲೆಕ್ಕಕ್ಕೆ ಗೊತ್ತೇ ಇರುವುದಿಲ್ಲ.

ಒಂದು ಚಿಕ್ಕ ಲೆಕ್ಕದಿಂದ ಇದನ್ನು ನೋಡೋಣ. ಒಬ್ಬ ಮಾರಾಟಗಾರ 1000ಕ್ಕಿಂತ ಹೆಚ್ಚು ಮಾರಿದರೆ, ಆ ಹೆಚ್ಚುವರಿ ಭಾಗಕ್ಕೆ ಮಾತ್ರ ಪ್ರೋತ್ಸಾಹಧನ ಸಲ್ಲುತ್ತದೆ ಎಂಬ ನಿಯಮವಿದೆ. ಕ ಎಂಬವರ ಮಾರಾಟ 1400, ಖ ಎಂಬವರದು 700, ಗ ಎಂಬವರದು 1100. ಸಾಲುಗಳಲ್ಲಿ ಹೆಚ್ಚುವರಿ ಕ್ರಮವಾಗಿ 400, 0 ಮತ್ತು 100 ಎಂದು ಸರಿಯಾಗಿ ಬರುತ್ತದೆ, ಕೂಡಿದರೆ 500. ಆದರೆ ಒಟ್ಟು ಸಾಲಿನಲ್ಲಿ ಮೂವರ ಮಾರಾಟವೂ ಸೇರಿ 3200 ಆಗಿ, ಅದರಿಂದ ಒಂದೇ ಒಂದು 1000 ಕಳೆದು, 2200 ಎಂಬ ಸಂಖ್ಯೆ ಬರುತ್ತದೆ. ಯಂತ್ರ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. 1000ದ ಮಿತಿ ಪ್ರತಿಯೊಬ್ಬ ಮಾರಾಟಗಾರನಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ ಎಂಬ ಮಾತನ್ನು ನಾವು ಸೂತ್ರದಲ್ಲಿ ಎಲ್ಲಿಯೂ ಬರೆದಿರಲಿಲ್ಲ, ಅಷ್ಟೇ. ಸಾಲುಗಳಲ್ಲಿ ಅದು ಸರಿಯಾಗಿ ಕಂಡದ್ದು ಟೇಬಲ್‌ನಲ್ಲಿ ಮಾರಾಟಗಾರನ ಕಾಲಂ ಇದ್ದ ಕಾರಣಕ್ಕೆ ಮಾತ್ರ. ಆ ಕಾಲಂ ತೆಗೆದು ಊರನ್ನೋ ತಿಂಗಳನ್ನೋ ಹಾಕಿದರೆ ಸಾಲುಗಳೂ ತಪ್ಪುತ್ತವೆ. ಒಟ್ಟು ಸಾಲು ತಪ್ಪಾಗಿ ಕಂಡಾಗಲೆಲ್ಲ ಹೆಚ್ಚಿನ ಬಾರಿ ತಪ್ಪಿರುವುದು ಮೆಷರ್‌ನಲ್ಲಿ. ಕೊನೆಯ ಸಾಲು ಅದನ್ನು ಮೊದಲು ತೋರಿಸಿಕೊಡುತ್ತದೆ.

ಸರಿಪಡಿಸುವ ಮೊದಲು: ಯಾವ ಮೊತ್ತ ಸರಿ?

ಸಾಲುಗಳ ಕೂಡಿಕೆಗೂ ಒಟ್ಟಿಗೂ ಹೊಂದದ ಎಲ್ಲ ಕಡೆಯೂ ಒಟ್ಟನ್ನು ಬದಲಿಸಬೇಕೆಂದು ತಿಳಿಯಬಾರದು. ಹಲವು ಬಾರಿ ಉಪಕರಣ ತೋರಿಸುವ ಒಟ್ಟೇ ಸರಿಯಾಗಿದ್ದು, ಕೂಡಿಕೆಯನ್ನು ನಿರೀಕ್ಷಿಸಿದ ನಮ್ಮ ಮನಸ್ಸೇ ತಪ್ಪಿರುತ್ತದೆ. ಸೂತ್ರಕ್ಕೆ ಕೈ ಹಚ್ಚುವ ಮೊದಲು ಈ ಒಂದು ಪ್ರಶ್ನೆಯನ್ನು ತೀರ್ಮಾನಿಸದಿದ್ದರೆ, ಸರಿಯಿದ್ದ ವರದಿಯನ್ನು ಕೆಡಿಸಿದಂತಾಗುತ್ತದೆ.

ಶೇಕಡಾವಾರು ಲಾಭವನ್ನು ತೆಗೆದುಕೊಳ್ಳಿ. ಒಂದು ಉತ್ಪನ್ನದ ಮಾರಾಟ 1000, ಲಾಭ 100, ಅಂದರೆ ಶೇ 10. ಇನ್ನೊಂದರ ಮಾರಾಟ 100, ಲಾಭ 50, ಅಂದರೆ ಶೇ 50. ಇವೆರಡನ್ನು ಕೂಡಿದರೆ ಬರುವ 60ಕ್ಕೆ ಅರ್ಥವೇ ಇಲ್ಲ. ಸರಾಸರಿ ತೆಗೆದರೆ ಬರುವ 30 ನೋಡಲು ಸಮಂಜಸವೆನಿಸಿದರೂ ಅದೂ ತಪ್ಪೇ, ಏಕೆಂದರೆ ಹತ್ತು ಪಟ್ಟು ದೊಡ್ಡದಾದ ಮಾರಾಟಕ್ಕೂ ಚಿಕ್ಕದಕ್ಕೂ ಅದು ಸಮಾನ ತೂಕ ಕೊಡುತ್ತದೆ. ಸರಿಯಾದ ಉತ್ತರ 1100ಕ್ಕೆ 150, ಅಂದರೆ ಶೇ 13.6. ಮೆಷರ್ ಅನ್ನು ‘ಲಾಭದ ಮೊತ್ತ ಭಾಗಿಸು ಮಾರಾಟದ ಮೊತ್ತ’ ಎಂದು ಬರೆದಿದ್ದರೆ ಒಟ್ಟು ಸಾಲು ತಾನಾಗಿಯೇ ಇದನ್ನು ಕೊಡುತ್ತದೆ. ಭಾಗಾಕಾರಕ್ಕೆ ಡಿವೈಡ್ ಫಂಕ್ಷನ್ ಬಳಸಿದರೆ, ಛೇದ ಸೊನ್ನೆಯಾದಾಗ ದೋಷದ ಬದಲು ಖಾಲಿ ಬರುತ್ತದೆ. ಶೇಕಡಾವನ್ನು ಡೇಟಾ ಟೇಬಲ್‌ನ ಪ್ರತಿ ಸಾಲಿನಲ್ಲೂ ಕಾಲಂ ಆಗಿ ಲೆಕ್ಕ ಹಾಕಿಟ್ಟು, ವರದಿಯಲ್ಲಿ ಅದರ ಸರಾಸರಿ ತೆಗೆಯುವ ಅಭ್ಯಾಸವೊಂದು ವ್ಯಾಪಕವಾಗಿದೆ, ಅದನ್ನು ಬಿಡಬೇಕು.

ಬೇರೆ ಬೇರೆ ಗ್ರಾಹಕರ ಎಣಿಕೆಯೂ ಹೀಗೆಯೇ. ಜನವರಿಯಲ್ಲಿ 40 ಗ್ರಾಹಕರು, ಫೆಬ್ರವರಿಯಲ್ಲಿ 50 ಗ್ರಾಹಕರು ಬಂದಿದ್ದು, ಅವರಲ್ಲಿ 25 ಜನ ಎರಡೂ ತಿಂಗಳು ಬಂದಿದ್ದರೆ, ಒಬ್ಬರನ್ನು ಒಂದೇ ಸಲ ಎಣಿಸಿ ಒಟ್ಟು 65 ಎಂದು ತೋರಿಸುವ ಡಿಸ್ಟಿಂಕ್ಟ್‌ಕೌಂಟ್ ಫಂಕ್ಷನ್ ಸರಿಯಾಗಿಯೇ ಇದೆ. 90 ಬೇಕು ಎನ್ನುವವರು ಎಣಿಸಬಯಸುವುದು ಗ್ರಾಹಕರನ್ನಲ್ಲ, ತಿಂಗಳವಾರು ಹಾಜರಿಯನ್ನು. ಅದಕ್ಕೆ ಬೇರೆ ಹೆಸರಿನ ಬೇರೆ ಮೆಷರ್ ಇರಬೇಕು. ಒಂದೇ ಉತ್ಪನ್ನ ಎರಡು ವರ್ಗಗಳಿಗೆ ಸೇರುವ ಮಾಡೆಲ್‌ಗಳಲ್ಲೂ ವರ್ಗವಾರು ಸಾಲುಗಳ ಕೂಡಿಕೆ ಒಟ್ಟನ್ನು ಮೀರುತ್ತದೆ, ಅಲ್ಲಿಯೂ ಒಟ್ಟೇ ಸರಿ.

ಡೇಟಾವನ್ನು ಹಲವು ದಿಕ್ಕುಗಳಲ್ಲಿ ಒಟ್ಟುಗೂಡಿಸುವ ‘ಡೇಟಾ ಕ್ಯೂಬ್’ ಕುರಿತ 1997ರ ಪ್ರಬಂಧದಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಮತ್ತು ಸಂಗಡಿಗರು ಒಟ್ಟುಗೂಡಿಸುವ ಲೆಕ್ಕಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಮೊತ್ತ, ಎಣಿಕೆ, ಗರಿಷ್ಠ, ಕನಿಷ್ಠಗಳಂತಹವು ಭಾಗಗಳ ಉತ್ತರದಿಂದಲೇ ಇಡಿಯ ಉತ್ತರವನ್ನು ಕೊಡಬಲ್ಲವು. ಸರಾಸರಿಯಂತಹವಕ್ಕೆ ಭಾಗಗಳ ಉತ್ತರ ಸಾಲದು, ಪ್ರತಿ ಭಾಗದ ಮೊತ್ತವೂ ಎಣಿಕೆಯೂ ಬೇಕು. ಮಧ್ಯಮಾಂಕದಂತಹವಕ್ಕೆ ಮೂಲ ಡೇಟಾಕ್ಕೇ ಹಿಂದಿರುಗಬೇಕು. ನನಗೆ ಈ ವಿಂಗಡಣೆ ಇಂದಿಗೂ ಬಹಳ ಉಪಯುಕ್ತವೆನಿಸುತ್ತದೆ: ಹೊಸ ಮೆಷರ್ ಬರೆಯುವಾಗ ಇದು ಯಾವ ಬಗೆಯದೆಂದು ಕೇಳಿಕೊಂಡರೆ, ಒಟ್ಟು ಸಾಲಿನಲ್ಲಿ ಏನನ್ನು ನಿರೀಕ್ಷಿಸಬೇಕೆಂಬುದು ಮೊದಲೇ ತಿಳಿದಿರುತ್ತದೆ.

ನಿಯಮ ಅನ್ವಯಿಸುವ ಮಟ್ಟದಲ್ಲಿ ಲೆಕ್ಕ ಹಾಕಿ, ಆಮೇಲೆ ಕೂಡುವುದು

ಈಗ ಪ್ರೋತ್ಸಾಹಧನದ ಲೆಕ್ಕಕ್ಕೆ ಹಿಂದಿರುಗೋಣ. ಅಲ್ಲಿ ಬೇಕಾದದ್ದು ನಿಸ್ಸಂದೇಹವಾಗಿ 500, ಏಕೆಂದರೆ ಕೊಡಬೇಕಾದ ಹಣ ಅದನ್ನೇ ಆಧರಿಸುತ್ತದೆ. ಮೊದಲು ಮೂಲ ಮೆಷರ್‌ಗಳನ್ನು ಬರೆಯಿರಿ (ಟೇಬಲ್‌ನ ಹೆಸರಿನ ಮುಂದೆ ಚೌಕ ಆವರಣದಲ್ಲಿರುವುದು ಕಾಲಂ, ಬರಿಯ ಚೌಕ ಆವರಣದಲ್ಲಿರುವುದು ಮೆಷರ್):

ಮಾರಾಟ ಮೊತ್ತ = ಸಮ್( ಮಾರಾಟ[ಮೊಬಲಗು] )

ಹೆಚ್ಚುವರಿ = ಇಫ್( [ಮಾರಾಟ ಮೊತ್ತ] > 1000, [ಮಾರಾಟ ಮೊತ್ತ] - 1000, 0 )

ಅನಂತರ ಪ್ರತಿಯೊಬ್ಬ ಮಾರಾಟಗಾರನಿಗೂ ಇದನ್ನು ಲೆಕ್ಕ ಹಾಕಿ ಕೂಡುವ ಮೂರನೆಯ ಮೆಷರ್:

ಹೆಚ್ಚುವರಿ ಒಟ್ಟು = ಸಮ್‌ಎಕ್ಸ್( ವ್ಯಾಲ್ಯೂಸ್( ಮಾರಾಟಗಾರ[ಸಂಖ್ಯೆ] ), [ಹೆಚ್ಚುವರಿ] )

ವ್ಯಾಲ್ಯೂಸ್ ಫಂಕ್ಷನ್, ಆ ಕೋಶದಲ್ಲಿ ಜಾರಿಯಲ್ಲಿರುವ ಫಿಲ್ಟರ್‌ಗಳ ಒಳಗೆ ಕಾಣುವ ಮಾರಾಟಗಾರರ ಪಟ್ಟಿಯನ್ನು ಕೊಡುತ್ತದೆ. ಸಾಲಿನಲ್ಲಿ ಆ ಪಟ್ಟಿಯಲ್ಲಿ ಒಬ್ಬರೇ ಇರುತ್ತಾರೆ, ಒಟ್ಟು ಸಾಲಿನಲ್ಲಿ ಮೂವರೂ ಇರುತ್ತಾರೆ. ಸಮ್‌ಎಕ್ಸ್ ಆ ಪಟ್ಟಿಯ ಒಬ್ಬೊಬ್ಬರಿಗೂ ಮೆಷರ್ ಅನ್ನು ಲೆಕ್ಕ ಹಾಕಿ ಫಲಿತಾಂಶಗಳನ್ನು ಕೂಡುತ್ತದೆ. ಹೀಗಾಗಿ ಒಂದೇ ಸೂತ್ರ ಸಾಲಿಗೂ ಒಟ್ಟಿಗೂ ಸರಿಹೋಗುತ್ತದೆ. ‘ಇದು ಒಟ್ಟು ಸಾಲೇ?’ ಎಂದು ಪ್ರತ್ಯೇಕವಾಗಿ ಕೇಳಬೇಕಾಗಿಲ್ಲ. ಹೆಸರಿನ ಬದಲು ಸಂಖ್ಯೆಯ ಕಾಲಂ ಬಳಸಿದ್ದಕ್ಕೆ ಕಾರಣವಿದೆ: ಒಂದೇ ಹೆಸರಿನ ಇಬ್ಬರಿದ್ದರೆ ಹೆಸರಿನ ಪಟ್ಟಿಯಲ್ಲಿ ಅವರು ಒಬ್ಬರಾಗಿಬಿಡುತ್ತಾರೆ, ಇಬ್ಬರ ಮಾರಾಟಕ್ಕೂ ಸೇರಿ ಒಂದೇ ಮಿತಿ ಅನ್ವಯವಾಗುತ್ತದೆ.

ಇಲ್ಲಿ ಎರಡು ಕಡೆ ಬಹಳ ಜನ ಎಡವುತ್ತಾರೆ, ಮತ್ತು ಎರಡೂ ಕಡೆ ಉಪಕರಣ ಯಾವ ದೋಷವನ್ನೂ ಹೇಳದೆ ತಪ್ಪು ಸಂಖ್ಯೆಯನ್ನು ಮೌನವಾಗಿ ಕೊಡುತ್ತದೆ. ಮೊದಲನೆಯದು, ಸಮ್‌ಎಕ್ಸ್ ಒಳಗೆ ಮೆಷರ್‌ನ ಹೆಸರಿಗೆ ಬದಲಾಗಿ ಸಮ್( ಮಾರಾಟ[ಮೊಬಲಗು] ) ಎಂಬ ಲೆಕ್ಕವನ್ನೇ ನೇರವಾಗಿ ಬರೆಯುವುದು. ಮೆಷರ್ ಅನ್ನು ಹೆಸರಿನಿಂದ ಕರೆದಾಗ ಡ್ಯಾಕ್ಸ್ ಅದರ ಸುತ್ತ ಕಾಣದಂತೆ ಒಂದು ಕ್ಯಾಲ್ಕ್ಯುಲೇಟ್ (ಫಿಲ್ಟರ್ ಬದಲಿಸಿ ಲೆಕ್ಕ ಹಾಕುವ ಫಂಕ್ಷನ್) ಹಾಕಿರುತ್ತದೆ, ಆ ಕ್ಯಾಲ್ಕ್ಯುಲೇಟ್ ಪಟ್ಟಿಯ ಸದ್ಯದ ಸಾಲನ್ನು ಫಿಲ್ಟರ್ ಆಗಿ ಪರಿವರ್ತಿಸುತ್ತದೆ. ಲೆಕ್ಕವನ್ನು ನೇರವಾಗಿ ಬರೆದರೆ ಈ ಪರಿವರ್ತನೆ ನಡೆಯುವುದಿಲ್ಲ. ಒಟ್ಟು ಸಾಲಿನಲ್ಲಿ ಪ್ರತಿಯೊಬ್ಬ ಮಾರಾಟಗಾರನಿಗೂ ಮೂವರ ಮೊತ್ತವಾದ 3200 ಸಿಕ್ಕಿ, ಹೆಚ್ಚುವರಿ 2200 ಮೂರು ಸಲ ಸೇರಿ 6600 ಆಗುತ್ತದೆ. ಸರಿಯಾದ ಸಂಖ್ಯೆಯ ಪೂರ್ಣ ಗುಣಕದಂತೆ, ಅಥವಾ ಸಾಲುಗಳ ಎಣಿಕೆಯಿಂದ ಭಾಗವಾಗುವಂತೆ ಒಟ್ಟು ಉಬ್ಬಿ ಕಂಡರೆ ಮೊದಲು ಇದನ್ನೇ ಸಂಶಯಿಸಿ. ನೇರವಾಗಿ ಬರೆಯಲೇಬೇಕಾದರೆ ಸುತ್ತಲೂ ಕ್ಯಾಲ್ಕ್ಯುಲೇಟ್ ಅನ್ನು ನಾವೇ ಹಾಕಬೇಕು.

ಎರಡನೆಯದು ವೇರಿಯಬಲ್‌ಗಳಿಗೆ ಸಂಬಂಧಿಸಿದ್ದು. ಸೂತ್ರ ಓದಲು ಹಗುರವಾಗಲೆಂದು ಮೇಲ್ಭಾಗದಲ್ಲಿ ‘ವರ್ ಮೊತ್ತ = [ಮಾರಾಟ ಮೊತ್ತ]’ ಎಂದು ಬರೆದು, ಕೆಳಗೆ ಸಮ್‌ಎಕ್ಸ್ ಒಳಗೆ ‘ಮೊತ್ತ’ ಎಂಬುದನ್ನು ಬಳಸುತ್ತೇವೆ. ಡ್ಯಾಕ್ಸ್‌ನ ವೇರಿಯಬಲ್‌ಗೆ ಆ ಹೆಸರು ಇದ್ದರೂ ಅದರ ಬೆಲೆ ಬದಲಾಗುವುದಿಲ್ಲ: ಎಲ್ಲಿ ಬರೆದಿದೆಯೋ ಅಲ್ಲಿಯ ಫಿಲ್ಟರ್‌ಗಳಲ್ಲಿ ಒಂದು ಸಲ ಲೆಕ್ಕವಾಗಿ ಹಾಗೆಯೇ ನಿಲ್ಲುತ್ತದೆ. ಹೊರಗೆ ಬರೆದ ವೇರಿಯಬಲ್ ಸಮ್‌ಎಕ್ಸ್ ಒಳಗೆ ಮಾರಾಟಗಾರನಿಂದ ಮಾರಾಟಗಾರನಿಗೆ ಬದಲಾಗುವುದಿಲ್ಲ, ಕ್ಯಾಲ್ಕ್ಯುಲೇಟ್ ಸುತ್ತಿದರೂ ಬದಲಾಗುವುದಿಲ್ಲ. ವೇರಿಯಬಲ್ ಬೇಕಿದ್ದರೆ ಅದನ್ನು ಸಮ್‌ಎಕ್ಸ್‌ನ ಎರಡನೆಯ ಭಾಗದ ಒಳಗೇ ಘೋಷಿಸಬೇಕು. ನಾನು ಕಲಿಯುತ್ತಿದ್ದ ದಿನಗಳಲ್ಲಿ ಈ ಒಂದು ಸೂಕ್ಷ್ಮ ತಿಳಿಯದೆ, ಸರಿಯಿದ್ದ ಸೂತ್ರವನ್ನು ಅಂದಗೊಳಿಸಲು ಹೋಗಿ ಕೆಡಿಸಿ, ಯಾವ ಬದಲಾವಣೆಯಿಂದ ಕೆಟ್ಟಿತೆಂದು ಹುಡುಕಲು ಇಡೀ ದಿನ ಕಳೆದದ್ದಿದೆ.

ಬೆಲೆ ಮತ್ತು ಪ್ರಮಾಣದ ಗುಣಾಕಾರವೂ ಇದೇ ಮನೆತನದ ಸಮಸ್ಯೆ. ಒಂದು ವಸ್ತು 10ರಂತೆ 3, ಇನ್ನೊಂದು 20ರಂತೆ 5 ಮಾರಾಟವಾದರೆ ನಿಜವಾದ ಒಟ್ಟು 130. ಬೆಲೆಗಳ ಮೊತ್ತವನ್ನು ಪ್ರಮಾಣಗಳ ಮೊತ್ತದಿಂದ ಗುಣಿಸಿದರೆ 240 ಬರುತ್ತದೆ, ಸರಾಸರಿ ಬೆಲೆಯಿಂದ ಗುಣಿಸಿದರೆ 120. ಇಲ್ಲಿ ಸಮ್‌ಎಕ್ಸ್( ಮಾರಾಟ, ಮಾರಾಟ[ಬೆಲೆ] * ಮಾರಾಟ[ಪ್ರಮಾಣ] ) ಎಂದು ಮಾರಾಟದ ಟೇಬಲ್‌ನ ಸಾಲುಗಳ ಮೇಲೆಯೇ ಸಾಗಬೇಕು. ಕಾಲಂಗಳನ್ನು ನೇರವಾಗಿ ಬಳಸಿದ್ದರಿಂದ ಇಲ್ಲಿ ಮೇಲೆ ಹೇಳಿದ ಪರಿವರ್ತನೆ ಬೇಕಿಲ್ಲ. ಅಂತಹ ಟೇಬಲ್‌ನ ಮೇಲೆ ಸಾಗುತ್ತಾ ಒಳಗೆ ಮೆಷರ್ ಅನ್ನು ಕರೆಯುವುದನ್ನು ಮಾತ್ರ ತಪ್ಪಿಸಿ: ಎಲ್ಲ ಕಾಲಂಗಳಲ್ಲೂ ಒಂದೇ ರೀತಿಯಿರುವ ಎರಡು ಸಾಲುಗಳಿದ್ದರೆ ಪರಿವರ್ತಿತ ಫಿಲ್ಟರ್ ಎರಡನ್ನೂ ಹಿಡಿಯುತ್ತದೆ, ಎರಡೂ ಎರಡೆರಡು ಸಲ ಎಣಿಕೆಯಾಗುತ್ತವೆ. ವರದಿ ನಿಧಾನವಾಗುವುದು ಇದರ ಮೇಲಿನ ಹೊರೆ.

ಮಟ್ಟವನ್ನು ಆರಿಸುವುದು

ಸಮ್‌ಎಕ್ಸ್ ಬಳಸಿದ ಮಾತ್ರಕ್ಕೆ ಒಟ್ಟು ಸರಿಯಾಗುವುದಿಲ್ಲ. ಯಾವುದರ ಮೇಲೆ ಸಾಗಬೇಕು ಎಂಬುದೇ ಈ ಕೆಲಸದ ತಿರುಳು, ಇದನ್ನು ನಿರ್ಧರಿಸುವುದು ವ್ಯವಹಾರದ ನಿಯಮವೇ ಹೊರತು ಟೇಬಲ್‌ನಲ್ಲಿ ಕಾಣುವ ಸಾಲುಗಳಲ್ಲ. ಮಿತಿ ತಿಂಗಳಿಗೆ 500 ಎಂದು ನಿಯಮ ಬದಲಾಯಿತು ಎನ್ನೋಣ. ಕ ಎಂಬವರು ಮೊದಲ ತಿಂಗಳು 800, ಎರಡನೆಯ ತಿಂಗಳು 200 ಮಾರಿದ್ದಾರೆ. ಖ ಎಂಬವರು 300 ಮತ್ತು 400. ಮಿತಿ ದಾಟಿದ್ದು ಒಂದೇ ಒಂದು ಕಡೆ, ಆದ್ದರಿಂದ ಸರಿಯಾದ ಒಟ್ಟು 300. ಆದರೆ ಸೂತ್ರ ಮಾರಾಟಗಾರರ ಮೇಲೆ ಮಾತ್ರ ಸಾಗಿದರೆ ಎರಡು ತಿಂಗಳೂ ಸೇರಿ ಕ ಎಂಬವರಿಗೆ 500, ಖ ಎಂಬವರಿಗೆ 200, ಒಟ್ಟು 700 ಎಂದು ಬರುತ್ತದೆ. ಇಲ್ಲಿ ಗಮನಿಸಬೇಕಾದ ಅಪಾಯವೊಂದಿದೆ: ಮಾರಾಟಗಾರರ ಟೇಬಲ್‌ನಲ್ಲಿ ಸಾಲುಗಳ ಕೂಡಿಕೆ 700, ಒಟ್ಟು ಸಾಲೂ 700. ಎರಡೂ ಹೊಂದುತ್ತವೆ, ಎರಡೂ ತಪ್ಪು. ಹಾಗಾಗಿ ಕೂಡಿಕೆ ಹೊಂದಿತೆಂಬುದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಈ ನಿಯಮಕ್ಕೆ ಮಾರಾಟಗಾರ ಮತ್ತು ತಿಂಗಳು ಎರಡರ ಜೋಡಿಯ ಮೇಲೆ ಸಾಗಬೇಕು. ಒಳಗಿನ ಮೆಷರ್‌ನಲ್ಲಿ ಮಿತಿಯನ್ನು 500ಕ್ಕೆ ಬದಲಿಸಿ, ಅದಕ್ಕೆ ‘ತಿಂಗಳ ಹೆಚ್ಚುವರಿ’ ಎಂದು ಹೆಸರಿಟ್ಟರೆ:

ಸಮ್‌ಎಕ್ಸ್( ಸಮರೈಜ್( ಮಾರಾಟ, ಮಾರಾಟಗಾರ[ಸಂಖ್ಯೆ], ದಿನಾಂಕ[ವರ್ಷ ತಿಂಗಳು] ), [ತಿಂಗಳ ಹೆಚ್ಚುವರಿ] )

ತಿಂಗಳ ಕಾಲಂನಲ್ಲಿ ವರ್ಷವೂ ಸೇರಿರಬೇಕು. ಬರಿಯ ‘ಜನವರಿ’ ಎಂದಿದ್ದರೆ, ವರದಿಯಲ್ಲಿ ಎರಡು ವರ್ಷಗಳ ಡೇಟಾ ಬಂದ ದಿನವೇ ಎರಡು ಜನವರಿಗಳು ಒಂದಾಗಿ ಲೆಕ್ಕ ಕೆಡುತ್ತದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿದ್ದ ಕಾರಣ ಯಾರಿಗೂ ಸಂಶಯ ಬರುವುದಿಲ್ಲ.

ಸಮರೈಜ್ ಮಾರಾಟದ ಟೇಬಲ್‌ನಲ್ಲಿ ನಿಜವಾಗಿ ಇರುವ ಜೋಡಿಗಳನ್ನು ಮಾತ್ರ ಕೊಡುತ್ತದೆ ಎಂಬುದನ್ನೂ ನೆನಪಿಡಬೇಕು. ಹೆಚ್ಚುವರಿಯ ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಮಾರಾಟವೇ ಇಲ್ಲದ ತಿಂಗಳಲ್ಲಿ ಹೆಚ್ಚುವರಿಯೂ ಇರುವುದಿಲ್ಲ. ಆದರೆ ಗುರಿಗಿಂತ ಎಷ್ಟು ಕೊರತೆ ಎಂದು ಲೆಕ್ಕ ಹಾಕುವಾಗ, ಏನೂ ಮಾರದ ತಿಂಗಳಿನಲ್ಲಿಯೇ ಕೊರತೆ ಅತಿ ಹೆಚ್ಚು, ಮತ್ತು ಸಮರೈಜ್ ಅದೇ ತಿಂಗಳನ್ನು ಬಿಟ್ಟುಬಿಡುತ್ತದೆ. ಅಂತಹ ಕಡೆ ಕ್ರಾಸ್‌ಜಾಯಿನ್ ಫಂಕ್ಷನ್ನಿಂದ ಎರಡು ವ್ಯಾಲ್ಯೂಸ್ ಪಟ್ಟಿಗಳನ್ನು ಹೆಣೆದು, ಸಾಧ್ಯವಿರುವ ಎಲ್ಲ ಜೋಡಿಗಳ ಮೇಲೆ ಸಾಗಬೇಕು.

ಒಂದೇ ಸಲ ಹಾಕಬೇಕಾದ ಮೊತ್ತ ಹಲವು ಸಾಲುಗಳಲ್ಲಿ ಪುನರಾವರ್ತನೆಯಾಗಿರುವುದೂ ಮಟ್ಟದ ಪ್ರಶ್ನೆಯೇ. ಒಂದು ಆರ್ಡರ್‌ಗೆ ಸಾಗಣೆ ವೆಚ್ಚ 50 ಇದ್ದು, ಆ ಆರ್ಡರ್‌ನ ಮೂರು ವಸ್ತುಗಳ ಸಾಲಿನಲ್ಲೂ 50 ಎಂದು ಬರೆದಿದ್ದರೆ, ನೇರ ಕೂಡಿಕೆ 150 ಕೊಡುತ್ತದೆ. ಆರ್ಡರ್ ಸಂಖ್ಯೆಗಳ ಮೇಲೆ ಸಾಗಿ, ಪ್ರತಿ ಆರ್ಡರ್‌ಗೆ ಒಂದೇ ಬೆಲೆಯನ್ನು ತೆಗೆದುಕೊಳ್ಳಬೇಕು:

ಸಮ್‌ಎಕ್ಸ್( ವ್ಯಾಲ್ಯೂಸ್( ಮಾರಾಟ[ಆರ್ಡರ್ ಸಂಖ್ಯೆ] ), ಕ್ಯಾಲ್ಕ್ಯುಲೇಟ್( ಮ್ಯಾಕ್ಸ್( ಮಾರಾಟ[ಸಾಗಣೆ] ) ) )

ಡೇಟಾಬೇಸ್‌ಗಳ ಪ್ರಶ್ನಾಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಎರಡು ಟೇಬಲ್‌ಗಳನ್ನು ಜಾಯಿನ್ ಮಾಡಿದಾಗ (ಜೋಡಿಸಿದಾಗ) ಇದೇ ತಪ್ಪು ನುಸುಳುತ್ತದೆ. ಅಲ್ಲಿ ಮೊದಲು ವಸ್ತುಗಳ ಸಾಲುಗಳನ್ನು ಆರ್ಡರ್ ಮಟ್ಟಕ್ಕೆ ಒಟ್ಟುಗೂಡಿಸಿ, ಆಮೇಲೆ ಜಾಯಿನ್ ಮಾಡುವುದೇ ಸರಿಯಾದ ಕ್ರಮ.

ಒಟ್ಟು ಸಾಲಿಗೆ ಬೇರೆಯೇ ಸೂತ್ರ ಬೇಕಾದಾಗ

ಕೆಲವೊಮ್ಮೆ ಸಾಲಿನಲ್ಲಿ ಒಂದು ಲೆಕ್ಕ, ಒಟ್ಟಿನಲ್ಲಿ ಇನ್ನೊಂದು ಲೆಕ್ಕ ಬೇಕಾಗುತ್ತದೆ, ಅಥವಾ ಒಟ್ಟಿನ ಜಾಗ ಖಾಲಿಯಿರಬೇಕಾಗುತ್ತದೆ. ವಸ್ತುಗಳ ಪಟ್ಟಿಯಲ್ಲಿ ರ್‍ಯಾಂಕ್ ಅಥವಾ ಬಿಡಿ ಬೆಲೆ ತೋರಿಸುವಾಗ ಒಟ್ಟು ಸಾಲಿನಲ್ಲಿ ಅರ್ಥವಿಲ್ಲದ ಸಂಖ್ಯೆಯೊಂದು ಕೂತಿರುವುದಕ್ಕಿಂತ ಖಾಲಿಯೇ ಮೇಲು. ಹಳೆಯ ಸೂತ್ರಗಳಲ್ಲಿ ಇದಕ್ಕೆ ಹ್ಯಾಸ್‌ಒನ್‌ವ್ಯಾಲ್ಯೂ ಬಳಸಿರುವುದನ್ನು ಕಾಣುತ್ತೇವೆ. ಅದು ಕೇಳುವುದು ‘ಈಗ ಕಾಣುತ್ತಿರುವುದು ಒಂದೇ ಒಂದು ಬೆಲೆಯೇ?’ ಎಂದು. ಓದುವವರು ಸ್ಲೈಸರ್‌ನಲ್ಲಿ ಒಂದೇ ವಸ್ತುವನ್ನು ಆರಿಸಿದರೆ ಒಟ್ಟು ಸಾಲಿನಲ್ಲೂ ಉತ್ತರ ‘ಹೌದು’ ಆಗುತ್ತದೆ. ಒಂದೇ ವಸ್ತುವಿರುವ ವರ್ಗದ ಉಪಮೊತ್ತದಲ್ಲೂ ಹಾಗೆಯೇ. ಇಸ್‌ಇನ್‌ಸ್ಕೋಪ್ ಕೇಳುವುದು ‘ಈ ಕಾಲಂನಿಂದ ಇಲ್ಲಿ ಗುಂಪು ಮಾಡಲಾಗಿದೆಯೇ?’ ಎಂದು, ಆದ್ದರಿಂದ ಸ್ಲೈಸರ್‌ನ ಆಯ್ಕೆ ಅದನ್ನು ದಾರಿ ತಪ್ಪಿಸುವುದಿಲ್ಲ. ಹಲವು ಹಂತಗಳಿರುವ ಮ್ಯಾಟ್ರಿಕ್ಸ್‌ನಲ್ಲಿ ಅತ್ಯಂತ ಒಳಗಿನ ಹಂತವನ್ನು ಮೊದಲು ಪರೀಕ್ಷಿಸಿ, ಅಲ್ಲಿಂದ ಹೊರಗಿನ ಹಂತಗಳಿಗೆ ಬರಬೇಕು. ಕ್ರಮ ತಿರುಗಿಸಿದರೆ ವಸ್ತುವಿನ ಸಾಲಿನಲ್ಲೂ ವರ್ಗದ ಷರತ್ತೇ ಮೊದಲು ನಿಜವಾಗಿಬಿಡುತ್ತದೆ.

ಆದರೂ ನನ್ನ ಅಭಿಪ್ರಾಯದಲ್ಲಿ ಇದು ಎರಡನೆಯ ಆಯ್ಕೆ. ಸಾಲುಗಳ ಕೂಡಿಕೆ ಬೇಕಿರುವ ಕಡೆ ಸಮ್‌ಎಕ್ಸ್‌ನಿಂದಲೇ ಕೆಲಸ ಮುಗಿಯುವಾಗ, ‘ಇದು ಒಟ್ಟು ಸಾಲಾದರೆ ಹೀಗೆ, ಇಲ್ಲವಾದರೆ ಹಾಗೆ’ ಎಂದು ಸೂತ್ರವನ್ನು ಸೀಳುವುದರಿಂದ ಟೇಬಲ್‌ನ ರೂಪ ಬದಲಾದ ಕೂಡಲೇ ಅದು ಮುರಿಯುತ್ತದೆ.

ದಾಸ್ತಾನು ಮತ್ತು ಬಾಕಿಗಳು

ದಾಸ್ತಾನಿನ ಲೆಕ್ಕಕ್ಕೆ ಪ್ರತ್ಯೇಕ ಎಚ್ಚರಿಕೆ ಬೇಕು, ಏಕೆಂದರೆ ಅದು ಒಂದು ದಿಕ್ಕಿನಲ್ಲಿ ಕೂಡುತ್ತದೆ, ಇನ್ನೊಂದು ದಿಕ್ಕಿನಲ್ಲಿ ಕೂಡುವುದಿಲ್ಲ. ಮೂರು ತಿಂಗಳ ಕೊನೆಯಲ್ಲಿ ದಾಸ್ತಾನು 120, 90, 150 ಇದ್ದರೆ ತ್ರೈಮಾಸಿಕದ ದಾಸ್ತಾನು 150, 360 ಅಲ್ಲ. ಆದರೆ ಎರಡು ಗೋದಾಮುಗಳ ದಾಸ್ತಾನನ್ನು ಒಂದೇ ದಿನಕ್ಕೆ ಕೂಡುವುದು ಸರಿ. ಬ್ಯಾಂಕ್ ಖಾತೆಯ ಶಿಲ್ಕು, ಸಿಬ್ಬಂದಿಯ ಸಂಖ್ಯೆ ಇವೂ ಹೀಗೆಯೇ.

ಸಾಮಾನ್ಯವಾಗಿ ಲಾಸ್ಟ್‌ಡೇಟ್ ಫಂಕ್ಷನ್ ಬಳಸಿ ಅವಧಿಯ ಕೊನೆಯ ದಿನದ ದಾಸ್ತಾನನ್ನು ತೆಗೆಯುತ್ತಾರೆ. ದಿನಾಂಕದ ಟೇಬಲ್‌ನ ಕೊನೆಯ ದಿನ ಎಣಿಕೆಯೇ ನಡೆದಿಲ್ಲದಿದ್ದರೆ ಉತ್ತರ ಖಾಲಿ ಬರುತ್ತದೆ. ವರ್ಷ ಇನ್ನೂ ಮುಗಿಯದಿರುವಾಗ ಒಟ್ಟು ಸಾಲು ಖಾಲಿ ಕಾಣುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಆಗ ಲಾಸ್ಟ್‌ನಾನ್‌ಬ್ಲ್ಯಾಂಕ್ ಬಳಸಿ, ಡೇಟಾ ಇರುವ ಕೊನೆಯ ದಿನವನ್ನು ಹಿಡಿಯುತ್ತಾರೆ. ಇಷ್ಟಕ್ಕೆ ನಿಂತರೆ ಇನ್ನೊಂದು ತಪ್ಪು ಉಳಿಯುತ್ತದೆ. ಮೊದಲ ಗೋದಾಮಿನ ಕೊನೆಯ ಎಣಿಕೆ 31ನೆಯ ತಾರೀಖು, 80. ಎರಡನೆಯದರದು 28ನೆಯ ತಾರೀಖು, 60 ಎಂದುಕೊಳ್ಳಿ. ಸಾಲುಗಳಲ್ಲಿ 80 ಮತ್ತು 60 ಸರಿಯಾಗಿ ಕಾಣುತ್ತವೆ. ಒಟ್ಟು ಸಾಲಿನಲ್ಲಿ ಎರಡೂ ಗೋದಾಮುಗಳಿಗೆ ಸೇರಿ ಡೇಟಾ ಇರುವ ಕೊನೆಯ ದಿನ 31, ಆ ದಿನ ಎರಡನೆಯ ಗೋದಾಮಿನ ದಾಖಲೆಯೇ ಇಲ್ಲ. ಹೀಗಾಗಿ ಒಟ್ಟು 140ರ ಬದಲು 80 ಎಂದು ಬರುತ್ತದೆ. ಮೆಷರ್ ಅನ್ನು ಗೋದಾಮುಗಳ ಮೇಲೆ ಸಾಗುವ ಸಮ್‌ಎಕ್ಸ್ ಒಳಗೆ ಇಟ್ಟರೆ ಪ್ರತಿ ಗೋದಾಮಿಗೂ ಅದರದೇ ಕೊನೆಯ ದಿನ ಸಿಕ್ಕಿ ಲೆಕ್ಕ ಸರಿಹೋಗುತ್ತದೆ. ಎಣಿಕೆ ವಸ್ತುವಾರು ಬೇರೆ ಬೇರೆ ದಿನ ನಡೆಯುವುದಾದರೆ ಗೋದಾಮು ಮತ್ತು ವಸ್ತುವಿನ ಜೋಡಿಯ ಮೇಲೆ ಸಾಗಬೇಕು.

ಖಾಲಿ ಸಾಲು, ಪೂರ್ಣಾಂಕ

ಮಾರಾಟದ ಟೇಬಲ್‌ನಲ್ಲಿರುವ ಸಂಖ್ಯೆಯೊಂದು ಮಾರಾಟಗಾರರ ಟೇಬಲ್‌ನಲ್ಲಿ ಇಲ್ಲದಿದ್ದರೆ, ಅಂತಹ ಮಾರಾಟವೆಲ್ಲ ಖಾಲಿ ಹೆಸರಿನ ಒಂದು ಸಾಲಿಗೆ ಸೇರುತ್ತದೆ. ವ್ಯಾಲ್ಯೂಸ್ ಆ ಖಾಲಿ ಸಾಲನ್ನೂ ಪಟ್ಟಿಯಲ್ಲಿ ಕೊಡುತ್ತದೆ, ಡಿಸ್ಟಿಂಕ್ಟ್ ಕೊಡುವುದಿಲ್ಲ. ಸಮ್‌ಎಕ್ಸ್‌ನಲ್ಲಿ ಡಿಸ್ಟಿಂಕ್ಟ್ ಬಳಸಿದ ಒಟ್ಟು, ನೇರ ಮೊತ್ತಕ್ಕಿಂತ ಕಡಿಮೆ ಬಂದರೆ ಆ ವ್ಯತ್ಯಾಸವೇ ಹೊಂದಿಕೆಯಿಲ್ಲದ ದಾಖಲೆಗಳ ಮೊತ್ತ. ಸೂತ್ರದಿಂದ ಅದನ್ನು ಮರೆಮಾಡುವ ಬದಲು ಡೇಟಾವನ್ನೇ ಸರಿಪಡಿಸುವುದು ಒಳ್ಳೆಯದು.

ಪೂರ್ಣಾಂಕಕ್ಕೆ ತರುವುದರಿಂದ ಹುಟ್ಟುವ ವ್ಯತ್ಯಾಸ ಚಿಕ್ಕದಾದರೂ ಕಣ್ಣಿಗೆ ಬೇಗ ಬೀಳುತ್ತದೆ. 33.4 ಇರುವ ಮೂರು ಸಾಲುಗಳು ತಲಾ 33 ಎಂದು ಕಂಡರೆ ಕೂಡಿಕೆ 99, ಒಟ್ಟು ಸಾಲು 100.2ನ್ನು 100 ಎಂದು ತೋರಿಸುತ್ತದೆ. ಬಿಲ್‌ನ ಪ್ರತಿ ಸಾಲನ್ನೂ ಪೂರ್ಣಾಂಕಕ್ಕೆ ತಂದೇ ಹಣ ಪಡೆಯುವುದಾದರೆ ರೌಂಡ್ ಅನ್ನು ಸಮ್‌ಎಕ್ಸ್ ಒಳಗೆ ಹಾಕಿ. ಬರಿಯ ನೋಟಕ್ಕಾಗಿ ಪೂರ್ಣಾಂಕವಾದರೆ ಬೆಲೆಯನ್ನು ಮುಟ್ಟದೆ ಫಾರ್ಮ್ಯಾಟ್‌ನಲ್ಲಿ ಮಾತ್ರ ದಶಾಂಶ ತೆಗೆದು, ವ್ಯತ್ಯಾಸದ ಕಾರಣವನ್ನು ಟಿಪ್ಪಣಿಯಾಗಿ ಬರೆಯಿರಿ.

ಬೇರೆ ಉಪಕರಣಗಳಲ್ಲಿ

ಎಕ್ಸೆಲ್‌ನ ಸಾಧಾರಣ ಪಿವೋಟ್ ಟೇಬಲ್‌ನಲ್ಲಿ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಯಾವಾಗಲೂ ಮೊದಲು ಪ್ರತಿ ಫೀಲ್ಡ್‌ನ ಮೊತ್ತ ತೆಗೆದು, ಆಮೇಲೆ ಸೂತ್ರವನ್ನು ಅನ್ವಯಿಸುತ್ತದೆ. ಅನುಪಾತಗಳಿಗೆ ಇದು ಸರಿಹೋಗುತ್ತದೆ, ಬೆಲೆ ಮತ್ತು ಪ್ರಮಾಣದ ಗುಣಾಕಾರಕ್ಕೂ ಮಿತಿಯ ಷರತ್ತಿಗೂ ಸರಿಹೋಗುವುದಿಲ್ಲ. ಈ ನಡವಳಿಕೆಯನ್ನು ಬದಲಿಸುವ ಸೌಲಭ್ಯ ಅಲ್ಲಿಲ್ಲದ ಕಾರಣ, ಮೂಲ ಡೇಟಾದಲ್ಲಿಯೇ ಗುಣಲಬ್ಧದ ಕಾಲಂ ಸೇರಿಸಬೇಕು, ಅಥವಾ ಪವರ್ ಪಿವೋಟ್‌ಗೆ ಹೋಗಿ ಮೆಷರ್ ಬರೆಯಬೇಕು.

ಇನ್ನೊಂದು ವರದಿ ಉಪಕರಣವಾದ ಟ್ಯಾಬ್ಲೋದಲ್ಲಿ ಒಟ್ಟು ಸಾಲಿನ ಲೆಕ್ಕ ‘ಆಟೋಮ್ಯಾಟಿಕ್’ ಎಂದಿದ್ದರೆ ಮೂಲ ಡೇಟಾದ ಮೇಲೆ ಲೆಕ್ಕ ಮತ್ತೆ ನಡೆಯುತ್ತದೆ. ‘ಸಮ್’ ಎಂದು ಆರಿಸಿದರೆ ಕಾಣುವ ಸಾಲುಗಳು ಕೂಡುತ್ತವೆ. ಈ ಗುಂಡಿ ಅನುಕೂಲಕರವಾದರೂ, ಅದು ಕೂಡುವುದು ಆ ನೋಟದಲ್ಲಿರುವ ಸಾಲುಗಳನ್ನು ಮಾತ್ರ. ನಿಯಮದ ಮಟ್ಟ ಅದಕ್ಕಿಂತ ಸೂಕ್ಷ್ಮವಾಗಿದ್ದರೆ ಮೇಲೆ ಕಂಡ 700ರ ತಪ್ಪು ಇಲ್ಲಿಯೂ ಆಗುತ್ತದೆ. ಅಂತಹ ಕಡೆ 2015ರ 9.0 ಆವೃತ್ತಿಯಲ್ಲಿ ಬಂದ ಲೆವೆಲ್ ಆಫ್ ಡೀಟೇಲ್ ಸೂತ್ರಗಳಿಂದ, ಇನ್‌ಕ್ಲೂಡ್ ಅಥವಾ ಫಿಕ್ಸ್‌ಡ್ ಬಳಸಿ, ಮಟ್ಟವನ್ನು ಸೂತ್ರದಲ್ಲಿಯೇ ಹೇಳಬೇಕು. ಎಸ್‌ಕ್ಯೂಎಲ್‌ನ ರೋಲಪ್ ಕೂಡ ಒಟ್ಟು ಸಾಲನ್ನು ಮೂಲ ಸಾಲುಗಳಿಂದಲೇ ಲೆಕ್ಕ ಹಾಕುತ್ತದೆ. ಕೂಡಿಕೆ ಬೇಕಿದ್ದರೆ ಒಳಗಿನ ಕ್ವೆರಿಯಲ್ಲಿ ನಿಯಮದ ಮಟ್ಟಕ್ಕೆ ಗುಂಪು ಮಾಡಿ ಷರತ್ತು ಅನ್ವಯಿಸಿ, ಹೊರಗಿನ ಕ್ವೆರಿಯಲ್ಲಿ ರೋಲಪ್ ಹಾಕಬೇಕು.

ಪರೀಕ್ಷಿಸುವ ಕ್ರಮ

ಮೆಷರ್ ಬರೆದ ಮೇಲೆ ಖಾಲಿ ಪುಟವೊಂದರಲ್ಲಿ, ನಿಯಮದ ಮಟ್ಟದ ಎಲ್ಲ ಕಾಲಂಗಳನ್ನೂ ಹಾಕಿ ಒಂದು ಉದ್ದನೆಯ ಟೇಬಲ್ ಮಾಡಿ. ತಿಂಗಳ ಮಿತಿಯ ಉದಾಹರಣೆಯಲ್ಲಿ ಮಾರಾಟಗಾರನ ಸಂಖ್ಯೆ, ವರ್ಷದ ತಿಂಗಳು, ಮಾರಾಟ ಮೊತ್ತ, ಹೆಚ್ಚುವರಿ ಇವಿಷ್ಟು ಸಾಕು. ಅದನ್ನು ಸಿಎಸ್‌ವಿಯಾಗಿ ಹೊರಗೆ ಇಳಿಸಿ, ಎಕ್ಸೆಲ್‌ನಲ್ಲಿ ಮಾರಾಟ ಮೊತ್ತದಿಂದ ಹೆಚ್ಚುವರಿಯನ್ನು ನೀವೇ ಲೆಕ್ಕ ಹಾಕಿ ಕೂಡಿ, ವರದಿಯ ಒಟ್ಟಿನೊಂದಿಗೆ ತಾಳೆ ನೋಡಿ. ಎಕ್ಸೆಲ್‌ನಲ್ಲಿ ಕೂಡಿದ್ದೇ ಸಾಕೆಂದು ಹೊರಬಂದ ಹೆಚ್ಚುವರಿಯ ಕಾಲಂ ಅನ್ನೇ ಕೂಡಬಾರದು, ಏಕೆಂದರೆ ಆಗ ಸೂತ್ರವನ್ನು ಅದರದೇ ಉತ್ತರದಿಂದ ಪರೀಕ್ಷಿಸಿದಂತಾಗುತ್ತದೆ.

ಆಮೇಲೆ ಕಾಲಂಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ತಿಂಗಳನ್ನು ತೆಗೆದಾಗಲೂ, ಮಾರಾಟಗಾರನನ್ನು ತೆಗೆದು ವರ್ಗವನ್ನು ಹಾಕಿದಾಗಲೂ, ಎಲ್ಲವನ್ನೂ ತೆಗೆದು ಮೆಷರ್ ಅನ್ನು ಕಾರ್ಡ್‌ನಲ್ಲಿ ಒಂಟಿಯಾಗಿ ಇಟ್ಟಾಗಲೂ ಒಟ್ಟು ಬದಲಾಗಬಾರದು. ಆದರೆ ವರ್ಗದ ಸಾಲುಗಳಿಗೆ ಬಂದಾಗ ಎಚ್ಚರ ಬೇಕು: ಮಿತಿ ಮಾರಾಟಗಾರನ ಎಲ್ಲ ವರ್ಗಗಳಿಗೆ ಸೇರಿ ಒಂದೇ ಆಗಿದ್ದರೆ, ಪ್ರತಿ ವರ್ಗದ ಸಾಲಿನಲ್ಲೂ ಅದನ್ನು ಪ್ರತ್ಯೇಕವಾಗಿ ಕಳೆದ ಸಂಖ್ಯೆ ಕಾಣುತ್ತದೆ, ಅದಕ್ಕೆ ವ್ಯವಹಾರದಲ್ಲಿ ಅರ್ಥವಿರುವುದಿಲ್ಲ. ಅಂತಹ ಮೆಷರ್ ಅನ್ನು ವರ್ಗದೊಂದಿಗೆ ತೋರಿಸಬೇಕೇ, ತೋರಿಸಿದರೆ ಹೆಚ್ಚುವರಿಯನ್ನು ವರ್ಗಗಳಿಗೆ ಹೇಗೆ ಹಂಚಬೇಕು ಎಂಬುದನ್ನು ನಿಯಮ ಮಾಡಿದವರನ್ನೇ ಕೇಳಿ ತಿಳಿಯಬೇಕು. ಸ್ಲೈಸರ್‌ನಲ್ಲಿ ಒಬ್ಬರನ್ನೇ ಆರಿಸಿ, ಮಾರಾಟವಿಲ್ಲದ ತಿಂಗಳನ್ನು ಆರಿಸಿ, ಎರಡು ವರ್ಷಗಳನ್ನು ಒಟ್ಟಿಗೆ ಆರಿಸಿ ನೋಡುವುದನ್ನೂ ಮರೆಯಬೇಡಿ. ಈ ಬರಹದಲ್ಲಿ ಬಂದ ಹೆಚ್ಚಿನ ತಪ್ಪುಗಳು ಈ ಮೂರು ಆಯ್ಕೆಗಳಲ್ಲಿ ಹೊರಬೀಳುತ್ತವೆ.

ತಾಳೆಯಾದ ಮೇಲೆ ಮೆಷರ್‌ನ ವಿವರಣೆಯ ಜಾಗದಲ್ಲಿ ಅದು ಯಾವ ಮಟ್ಟದಲ್ಲಿ ಲೆಕ್ಕವಾಗುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡಿ: ‘ಮಾರಾಟಗಾರ ಮತ್ತು ತಿಂಗಳಿಗೆ ಮಿತಿ ಅನ್ವಯಿಸಿ, ಅನಂತರ ಕೂಡಿದ್ದು’. ಒಳಗಿನ ‘ತಿಂಗಳ ಹೆಚ್ಚುವರಿ’ ಮೆಷರ್ ಅನ್ನು ವರದಿ ಮಾಡುವವರ ಪಟ್ಟಿಯಿಂದ ಮರೆಮಾಡಿ, ಹೊರಗಿನದನ್ನು ಮಾತ್ರ ಕಾಣುವಂತೆ ಬಿಡಿ. ಇಲ್ಲವಾದರೆ ಮುಂದೊಂದು ದಿನ ಯಾರೋ ಒಳಗಿನದನ್ನೇ ಎಳೆದು ಟೇಬಲ್‌ಗೆ ಹಾಕುತ್ತಾರೆ.